ಸಂದಣಿ ಪ್ರಕರಣ: ಸೆಡೋನಾ ಪಟ್ಟಣದ ಆಗಮ, ಆದೇಶ, ಲೋಪ

ಪೀಠಿಕೆ

ಸಂಧಿಯ ಬಗ್ಗೆ ಕನ್ನಡದಲ್ಲಿ ಸೂತ್ರ, ವೃತ್ತಿ, ಪ್ರಯೋಗ ಎಲ್ಲವೂ ಉಂಟು. ಸಂದಣಿಯ ಬಗ್ಗೆ ಅರ್ಧ ಸೂತ್ರವೂ ಇಲ್ಲ. ಕೇಶಿರಾಜನ ಕಾಲದಲ್ಲಿ ಪಾರ್ಕಿಂಗ್ ತಾಪತ್ರಯ ಇರಲಿಲ್ಲವಾದ್ದರಿಂದ ಅವನನ್ನು ದೂರುವಂತಿಲ್ಲ. ಈ ಕೊರತೆ ನೀಗಬೇಕೆಂದು ಪ್ರಸ್ತುತ ವೈಯಾಕರಣನಿಗೆ ಹೊಳೆದದ್ದು ಅಮೆರಿಕದ ಅರಿಜೋನಾ ರಾಜ್ಯದ ಸೆಡೋನಾದಲ್ಲಿ. ಫೀನಿಕ್ಸ್‌ನ ಮಗಳ ಮನೆಯಿಂದ ಎರಡು ಗಂಟೆಯಲ್ಲಿ ಊರ ಬಾಗಿಲು ಮುಟ್ಟಿದ್ದೆವು. ಮುಂದಿನ ಎರಡು ಮೈಲಿಗೆ ಇನ್ನೊಂದು ಗಂಟೆ ಹಿಡಿಯಿತು. ನಿಂತ ಕಾರಿನಲ್ಲಿ ಕೂತ ಪಂಡಿತನಿಗೆ ಶಾಸ್ತ್ರ ರಚಿಸುವುದು ಬಿಟ್ಟು ಬೇರೇನು ಕೆಲಸ?

ವಿಳಂಬವಿಲ್ಲದೆ ಎರಡು ಅಕ್ಷರ ಕೂಡಿದರೆ ಸಂಧಿ. ಎಷ್ಟು ವಿಳಂಬವಾದರೂ ಎರಡು ಕಾರು ದಾಟದಿದ್ದರೆ ಸಂದಣಿ. ಇದು ಲಕ್ಷಣ.

ಇನ್ನು ಕ್ಷೇತ್ರವರ್ಣನೆ. ಸಮುದ್ರಮಟ್ಟದಿಂದ 4,350 ಅಡಿ ಎತ್ತರದಲ್ಲಿ, ಮರುಭೂಮಿಯ ಸೀಮೆಯಲ್ಲಿರುವ ಊರು. ಸುತ್ತಲೂ ಕಬ್ಬಿಣದ ತುಕ್ಕು ಹತ್ತಿ ಕೆಂಪಾದ ಮರಳುಗಲ್ಲಿನ ಬಂಡೆಗಳು. ಬಾದಾಮಿ ಕಂಡ ಕನ್ನಡಿಗನಿಗೆ ನೆಂಟರಂತೆ ತೋರುವಂಥವು. ಬಂಡೆಗಳ ನಡುವೆ ಕಾಲುದಾರಿಗಳು. 2020ರ ಜನಗಣತಿಯಲ್ಲಿ ಊರಿನ ಜನ ಹತ್ತು ಸಾವಿರ ಮುಟ್ಟಿರಲಿಲ್ಲ. ವರ್ಷಕ್ಕೆ ಬಂದುಹೋಗುವವರು ಸುಮಾರು 30 ಲಕ್ಷವೆಂದು ಲೆಕ್ಕ. ಅಂದರೆ ಒಂದು ಪ್ರಕೃತಿಗೆ 300 ಪ್ರತ್ಯಯ. ಇಷ್ಟು ಪ್ರತ್ಯಯ ಹತ್ತಿದ ಮೇಲೆ ಯಾವ ಪ್ರಕೃತಿ ತಾನೇ ಗುರುತು ಸಿಕ್ಕೀತು?

ಸೂತ್ರ 1: ಅಂಕಿತನಾಮವು ಅಂಕಿತದೊಳಗೆ ಹಿಡಿಸತಕ್ಕದ್ದು

ವೃತ್ತಿ: 1902ರಲ್ಲಿ ಇಲ್ಲಿ ಅಂಚೆ ಕಚೇರಿ ತೆರೆಯುವಾಗ ಷ್ನೆಬ್ಲಿ ಎಂಬ ವಲಸಿಗ ‘ಓಕ್ ಕ್ರೀಕ್ ಕ್ರಾಸಿಂಗ್’, ‘ಷ್ನೆಬ್ಲಿ ಸ್ಟೇಷನ್’ ಎಂಬ ಹೆಸರು ಸೂಚಿಸಿದ. ಅಂಚೆ ಮುದ್ರೆಗೆ ಇವು ಉದ್ದವಾದವು. ಹೆಂಡತಿಯ ಹೆಸರಿಟ್ಟುಬಿಡು ಎಂದು ಒಡಹುಟ್ಟಿದವನು ಸಲಹೆ ಕೊಟ್ಟ. ಆಕೆಯ ಹೆಸರು ಸೆಡೋನಾ. ಅದು ಯಾವ ಭಾಷೆಯ ಪದವೂ ಅಲ್ಲ. ಕಿವಿಗೆ ಇಂಪಾಗಿದೆಯೆಂದು ಆಕೆಯ ತಾಯಿ ತಾನೇ ಕಟ್ಟಿದ್ದು. ಹೀಗೆ ಸ್ಥಳಾಭಾವವು ಈ ಊರಿನ ಹುಟ್ಟುಗುಣ. ಅಂದು ಮುದ್ರೆಯಲ್ಲಿ ಹೆಸರಿಗೆ ಜಾಗವಿರಲಿಲ್ಲ, ಇಂದು ಊರಲ್ಲಿ ಹೆಸರು ಕೇಳಿ ಬಂದವರಿಗೆ ಜಾಗವಿಲ್ಲ.

ಸೂತ್ರ 2: ಇಲ್ಲದ್ದು ಬಂದು ನಡುವೆ ನಿಂತರೆ ಆಗಮ

ವೃತ್ತಿ: ಮನೆ + ಅನ್ನು = ಮನೆಯನ್ನು. ಎಲ್ಲಿಂದಲೋ ಬಂದ ಯಕಾರ ನಡುವೆ ನಿಂತಿತು. ಹಾಗೆಯೇ ಕಣ್ಣು + ಬಂಡೆ ಎಂಬಲ್ಲಿ ಸೆಲ್ಫಿ ಕೋಲು ಬಂದು ನಿಲ್ಲುತ್ತದೆ.

ಪ್ರಯೋಗ: ಡೆವಿಲ್ಸ್ ಬ್ರಿಜ್ ಎಂಬುದೊಂದು ಸಹಜ ಕಲ್ಲುಸೇತುವೆ. ಅದರ ನಡುವೆ ಒಬ್ಬನೇ ನಿಂತು ಕೈ ಚಾಚಿದವನ ಫೋಟೋ ಜಗತ್ತಿಗೆಲ್ಲ ಗೊತ್ತು. ಚೌಕಟ್ಟಿನ ಹೊರಗೆ, ಅದೇ ಏಕಾಂತಕ್ಕಾಗಿ ಕಾದಿರುವವರ ಸಾಲು ನಮ್ಮ ನ್ಯಾಯಬೆಲೆ ಅಂಗಡಿಯ ಸಾಲನ್ನು ನಾಚಿಸುವಂತಿರುತ್ತದೆ. ಏಕಾಂತಕ್ಕೆ ಬಹುವಚನವಿಲ್ಲ ಎಂದು ಹಳೆಯ ವೈಯಾಕರಣರು ವಾದಿಸಬಹುದು. ಅವರು ಸೆಡೋನಾ ನೋಡಿಲ್ಲ. ಇಲ್ಲಿ ‘ಏಕಾಂತಗಳು’ ಸಿದ್ಧರೂಪ.

ಆಗಮಕ್ಕೆ ಕಾರಣ ‘ಸುಳಿ’ ಎಂಬ ಮತವೊಂದಿದೆ. ಬೆಲ್ ರಾಕ್, ಕೆಥೀಡ್ರಲ್ ರಾಕ್, ಏರ್‌ಪೋರ್ಟ್ ಮೇಸಾ, ಬಾಯ್ನ್‌ಟನ್ ಕ್ಯಾನ್ಯನ್ ಈ ನಾಲ್ಕು ಕಡೆ ಭೂಮಿಯಿಂದ ಶಕ್ತಿಯ ಸುಳಿ ಏಳುತ್ತದಂತೆ. ಅಲ್ಲಿನ ಜುನಿಪರ್ ಮರಗಳ ಕಾಂಡ ಹುರಿಹಗ್ಗದಂತೆ ತಿರುಚಿರುವುದೇ ಪ್ರಮಾಣ. 1987ರ ಆಗಸ್ಟ್‌ನಲ್ಲಿ ಗ್ರಹಕೂಟದ ನೆಪದಲ್ಲಿ ಸಾವಿರಾರು ಜನ ಇಲ್ಲಿ ಸೇರಿದ್ದರು. ಬೆಲ್ ರಾಕ್ ಬಿರಿದು ಅನ್ಯಲೋಕದ ನೌಕೆ ಹೊರಬರುತ್ತದೆಂದು ಕಾದವರೂ ಅವರಲ್ಲಿದ್ದರಂತೆ. ಬಂಡೆ ಇದ್ದಲ್ಲೇ ಇತ್ತು.

ಪ್ರಸ್ತುತ ಸಂಶೋಧಕನಿಗೆ ಈ ನಾಲ್ಕೂ ಕಡೆ ಏನೂ ಅನುಭವಕ್ಕೆ ಬರಲಿಲ್ಲ. ಐದನೆಯ ಸುಳಿಯನ್ನು ಮಾತ್ರ ಸ್ವತಃ ಕಂಡುಹಿಡಿದಿದ್ದೇನೆ: ಊರ ರಸ್ತೆಗಳ ವೃತ್ತಗಳು. ಒಮ್ಮೆ ಒಳಹೊಕ್ಕರೆ ಹೊರಬೀಳುವುದು ದೈವೇಚ್ಛೆ. ಇದರಿಂದ ಪುಣ್ಯವೇಕೆ ಬರುವುದಿಲ್ಲ ಎಂಬ ಶಂಕೆಗೂ ಸಮಾಧಾನವಿದೆ. ಅಮೆರಿಕದಲ್ಲಿ ಬಲಬದಿಯ ಸಂಚಾರ; ವೃತ್ತವನ್ನು ಎಡಗಡೆಗಿಟ್ಟುಕೊಂಡು ಸುತ್ತುತ್ತಾರೆ. ಇಡೀ ಊರು ದಿನವಿಡೀ ಮಾಡುತ್ತಿರುವುದು ಅಪ್ರದಕ್ಷಿಣೆ.

ಸೂತ್ರ 3: ಒಂದರ ಜಾಗದಲ್ಲಿ ಇನ್ನೊಂದು ಬಂದರೆ ಆದೇಶ

ವೃತ್ತಿ: ಬೆಟ್ಟ + ತಾವರೆ = ಬೆಟ್ಟದಾವರೆ. ಬೆಟ್ಟದ ಮಾನ ಉಳಿಸಲು ತಕಾರ ದಕಾರವಾಗಿ ಮೆತ್ತಗಾಗುತ್ತದೆ.

ಪ್ರಯೋಗ: 1993ರಲ್ಲಿ ಇಲ್ಲಿ ಮೆಕ್‌ಡೊನಾಲ್ಡ್ಸ್ ತೆರೆಯುವಾಗ, ಅದರ ಹಳದಿ ಕಮಾನು ಕೆಂಪು ಬಂಡೆಗಳಿಗೆ ಒಪ್ಪದೆಂದು ನಗರಸಭೆಯವರು ತಕರಾರು ತೆಗೆದರು. ಹಳದಿಗೆ ಹಸಿರುನೀಲಿ ಆದೇಶವಾಯಿತು. ಕಣ್ಣಿಗೆ ಬೀಳಬಾರದೆಂದು ಬಣ್ಣ ಬದಲಿಸಿದ ಕಮಾನಿನ ಮುಂದೆ ಈಗ ಜನ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಬರ್ಗರ್ ಬೇಡದವರೂ ಬರುತ್ತಾರೆ. ಮುಚ್ಚಿಟ್ಟದ್ದೇ ನೋಟವಾಗುವುದು ಪ್ರವಾಸೋದ್ಯಮದ ಅಪವಾದವಿಲ್ಲದ ನಿಯಮ.

ಇನ್ನೊಂದು ಪ್ರಯೋಗ: 2022ರ ಮಾರ್ಚ್‌ನಿಂದ ಕಾರಿಗೆ ಬಸ್ಸು ಆದೇಶ. ಪುಕ್ಕಟೆ ಬಸ್ಸು. ಅದು ಓಡುವ ದಿನ ಕೆಥೀಡ್ರಲ್ ರಾಕ್‌ನ ಬುಡದ ಪಾರ್ಕಿಂಗ್ ಜಾಗವನ್ನೇ ಮುಚ್ಚುತ್ತಾರೆ. ಪುಕ್ಕಟೆ ಬಸ್ಸು ನಮಗೂ ಹೊಸದಲ್ಲ. ಆದರೆ ಪುಕ್ಕಟೆ ಬಸ್ಸು ಹತ್ತಲು ಮೊದಲು ಕಾರು ನಿಲ್ಲಿಸಲು ಜಾಗ ಹುಡುಕಬೇಕಾದದ್ದು ಇಲ್ಲೇ.

ಸೂತ್ರ 4: ಇದ್ದದ್ದು ಹೋದರೆ ಲೋಪ

ವೃತ್ತಿ: ಊರು + ಒಳಗೆ = ಊರೊಳಗೆ. ಹೊಸಬ ಒಳಗೆ ಬರಬೇಕಾದರೆ ಉಕಾರ ಜಾಗ ಬಿಡಬೇಕು. ಆದರೆ ಲೋಪಕ್ಕೆ ಒಂದು ಕಟ್ಟುಪಾಡಿದೆ, ಶಾಲೆಯ ಮಕ್ಕಳಿಗೂ ಗೊತ್ತಿರುವುದು: ಅರ್ಥ ಕೆಡದಿದ್ದರೆ ಮಾತ್ರ ಲೋಪ ಮಾಡಬಹುದು.

ಪ್ರಯೋಗ: ಮನೆ + ಪ್ರವಾಸಿ. 2016ರಲ್ಲಿ ಅರಿಜೋನಾ ಶಾಸನಸಭೆ ಒಂದು ಕಾನೂನು ಮಾಡಿತು. ಮನೆಗಳನ್ನು ದಿನಬಾಡಿಗೆಗೆ ಬಿಡುವುದನ್ನು ಯಾವ ನಗರಸಭೆಯೂ ನಿಷೇಧಿಸುವಂತಿಲ್ಲ. ಕೊಡಗಿನ ಹೋಮ್‌ಸ್ಟೇಯಲ್ಲಿ ಕಡೇಪಕ್ಷ ಮನೆಯವರು ಹಿಂಭಾಗದಲ್ಲಿರುತ್ತಾರೆ. ಇಲ್ಲಿ ಮನೆಯವರೇ ಲೋಪ. ಉಳಿದದ್ದು ಬಾಗಿಲ ಬೀಗದ ನಂಬರು. ಓಣಿಗೆ ಓಣಿಯೇ ಹೀಗಾದ ಮೇಲೆ, ಹೋಟೆಲಿನಲ್ಲಿ ತಟ್ಟೆ ತೊಳೆಯುವವರು, ಹಾಸಿಗೆ ಹಾಸುವವರು ಬಾಡಿಗೆ ಭರಿಸಲಾರದೆ ಕಾಟನ್‌ವುಡ್‌ನಂಥ ಊರುಗಳಿಗೆ ಹೊರಟುಹೋದರು.

ಲೋಪವಾದ ಸ್ವರ ಎಲ್ಲಿಗೆ ಹೋಗುತ್ತದೆಂದು ಯಾವ ವೈಯಾಕರಣನೂ ಕೇಳಿದವನಲ್ಲ. ಸೆಡೋನಾದಲ್ಲಿ ಉತ್ತರ ಸಿಗುತ್ತದೆ. ಅದು ಕಾರಿನಲ್ಲಿ ಮಲಗುತ್ತದೆ. ಊರಲ್ಲೇ ದುಡಿದು ಕಾರಿನಲ್ಲೇ ರಾತ್ರಿ ಕಳೆಯುವವರಿಗಾಗಿ ಸುಮಾರು 40 ವಾಹನ ನಿಲ್ಲುವಷ್ಟು ಜಾಗ ಕೊಡಲು 2024ರ ಮಾರ್ಚ್‌ನಲ್ಲಿ ನಗರಸಭೆ ಒಪ್ಪಿತ್ತು. ನವೆಂಬರ್‌ನಲ್ಲಿ ಊರಿನ ಮತದಾರರು ಅದನ್ನು ತಳ್ಳಿಹಾಕಿದರು. ನೋಡಲು ಬಂದವನಿಗೆ ಪಾರ್ಕಿಂಗ್ ಇಲ್ಲದ್ದು ಸಮಸ್ಯೆ. ದುಡಿಯಲು ಬಂದವನಿಗೆ ಇಲ್ಲದ್ದು ತೀರ್ಪು. ಅರ್ಥ ಕೆಟ್ಟಿತೋ ಇಲ್ಲವೋ ಎಂಬುದನ್ನು ಪರೀಕ್ಷಕರು ಹೇಳಲಿ.

ಪೂರ್ವಪಕ್ಷ

ಹಾಗಾದರೆ ಪ್ರವಾಸಿಗಳನ್ನೇ ತಡೆಯಬಾರದೇಕೆ ಎಂದು ಕೆಲವರು. ಈ ನಗರಸಭೆ ಆಸ್ತಿ ತೆರಿಗೆ ಹಾಕುವುದಿಲ್ಲ. ಬೊಕ್ಕಸ ನಡೆಯುವುದು ಮುಖ್ಯವಾಗಿ ಮಾರಾಟ ತೆರಿಗೆಯಿಂದ, ತಂಗುವ ಕೋಣೆಗಳ ತೆರಿಗೆಯಿಂದ. ಪ್ರವಾಸಿಯನ್ನು ಶಪಿಸಲು ಹಿರಿಯ ನಾಗರಿಕರು ನಡೆದುಬರುವ ರಸ್ತೆಗೆ ಟಾರು ಹಾಕಿದ್ದೂ ಅವನ ದುಡ್ಡೇ. ಆದ್ದರಿಂದ ಈ ಪಕ್ಷ ನಿಲ್ಲುವುದಿಲ್ಲ. ಇಲ್ಲಿ ನಿಲ್ಲುವುದು ಕಾರುಗಳು ಮಾತ್ರ.

ಸಿದ್ಧಾಂತ

ಸಂದಣಿ ಎಂಬುದು ಸರ್ವನಾಮ. ಪ್ರಥಮಪುರುಷ ಬಹುವಚನದಲ್ಲಿ ಮಾತ್ರ ಅದರ ಬಳಕೆ: ‘ಅವರು’. ಉತ್ತಮಪುರುಷನು ಎಂದೂ ಸಂದಣಿಯಾಗುವುದಿಲ್ಲ. ಉತ್ತಮನೆಂದು ಅವನಿಗೆ ಹೆಸರೇ ಇದೆಯಲ್ಲ. ‘ನಾವು ಸಂದಣಿ’ ಎಂಬುದು ಅಶುದ್ಧ ಪ್ರಯೋಗ.

ಈ ಸಿದ್ಧಾಂತವನ್ನು ಮೂರನೆಯ ವೃತ್ತದಲ್ಲಿ ಗಟ್ಟಿಯಾಗಿ ಓದಿ ಹೇಳಿದಾಗ, ಪುಳಿಯೋಗರೆ ಡಬ್ಬಿ ತೊಡೆಯ ಮೇಲಿಟ್ಟುಕೊಂಡಿದ್ದ ನನ್ನಾಕೆ, “ನಾವೂ ಕಾರಲ್ಲೇ ಬಂದಿದೀವಲ್ರೀ” ಎಂದಳು. ಶಾಸ್ತ್ರಜ್ಞಾನವಿಲ್ಲದವರ ಮಾತು ಪ್ರಮಾಣವಲ್ಲ. ಹಿಂದಿನ ಸೀಟಿನಿಂದ ಮಗಳು ಮಾತ್ರ ಜೋರಾಗಿ ನಕ್ಕಳು.

ಗ್ರಂಥಸಮಾಪ್ತಿ

ಹಳೆಯ ಓಲೆಗರಿಗಳ ಕೊನೆಯಲ್ಲಿ ಲಿಪಿಕಾರ ತಾನು ಎಲ್ಲಿ ಕೂತು ಬರೆದೆನೆಂದು ಹೇಳುವ ಪದ್ಧತಿಯಿದೆ. ಅದನ್ನು ಮೀರಬಾರದು. ಈ ಗ್ರಂಥವನ್ನು ಬರೆದು ಮುಗಿಸಿದ್ದು ಸೆಡೋನಾದ ಓಣಿಯೊಂದರ ಮನೆಯ ಅಡುಗೆಕಟ್ಟೆಯ ಮೇಲೆ. ಮೂರು ಮಲಗುವ ಕೋಣೆ, ಕಿಟಕಿಗೆ ಕೆಂಪು ಬಂಡೆ. ಬೀಗದ ನಂಬರು ಮಗಳ ಫೋನಿಗೆ ಬಂದಿತ್ತು. ಅಡುಗೆಮನೆಯ ಬಾಗಿಲ ಚೌಕಟ್ಟಿನ ಮೇಲೆ ಯಾವುದೋ ಮಗುವಿನ ಎತ್ತರವನ್ನು ವರ್ಷವರ್ಷವೂ ಪೆನ್ಸಿಲಿನಲ್ಲಿ ಗುರುತು ಹಾಕಿದ್ದರು. ಗೆರೆಗಳು ನನ್ನ ಸೊಂಟದವರೆಗೆ ಬಂದು ನಿಂತಿದ್ದವು.