ಹಳದಿ ಕಾಲುಚೀಲದ ಮರ್ಯಾದೆ

ಮಗಳ ಮನೆಗೆಂದು ನ್ಯೂಜೆರ್ಸಿಗೆ ಹೋದವನು ಪಿತ್ತಕೋಶದ ಕಲ್ಲಿನ ಕೃಪೆಯಿಂದ ಅಲ್ಲಿನ ಆಸ್ಪತ್ರೆಯನ್ನೂ ನೋಡಿ ಬಂದೆ. ನಯಾಗರಾ ನೋಡಲಾಗಲಿಲ್ಲ.

ಆಪರೇಷನ್ ದಿನ ನರ್ಸಮ್ಮ ಬೆನ್ನ ಹಿಂದೆ ಬಾಯ್ಬಿಟ್ಟ ಗೌನೊಂದನ್ನೂ ಅರಿಶಿನ ಬಣ್ಣದ ಒಂದು ಜೊತೆ ಕಾಲುಚೀಲವನ್ನೂ ಕೊಟ್ಟಳು. ಪಕ್ಕದ ಹಾಸಿಗೆಯವನಿಗೆ ಬೂದು ಬಣ್ಣದ್ದು, ನನಗೆ ಮಾತ್ರ ಹಳದಿ! ಮೂವತ್ತು ವರ್ಷ ಮೇಷ್ಟ್ರಾಗಿದ್ದವನೆಂದು ಮಗಳು ಹೇಳಿರಬೇಕು ಎಂದು ಒಳಗೊಳಗೇ ಉಬ್ಬಿದೆ.

ಕಾಲುಚೀಲದ ತುಂಬಾ ರಂಗೋಲಿ ಚುಕ್ಕಿಯಂತೆ ರಬ್ಬರಿನ ಬೊಟ್ಟುಗಳು. ಅಂಗಾಲಿಗೆ ಸರಿ, ಪಾದದ ಮೇಲೂ ಏಕೆ? ನಾನೇನು ಕಾಲು ಮಗುಚಿ ನಡೆಯುತ್ತೇನೆಯೇ? ಹೊಲಿದವರು ಒಳಮೈಯನ್ನು ಹೊರಗೆ ಮಾಡಿದ್ದಾರೆಂದು ತೀರ್ಮಾನಿಸಿ, ತಿರುವಿ ಹಾಕಿಕೊಂಡೆ. "ರೀ, ಕೊಟ್ಟ ಹಾಗೇ ಹಾಕ್ಕೊಳ್ರೀ" ಎಂದಳು ಹೆಂಡತಿ. ಅವಳ ಮಾತು ಕೇಳಿದ ಇತಿಹಾಸ ನನಗಿಲ್ಲ.

ರಾತ್ರಿ ಮೂರಕ್ಕೆ ಮೂತ್ರದ ಅವಸರ. ಗಂಟೆ ಒತ್ತಲು ಸಂಕೋಚ. ಎದ್ದು ನಿಂತೆನಷ್ಟೆ, ಕಾಲು ಕಾದ ಕಾವಲಿಯ ಮೇಲಿನ ಬೆಣ್ಣೆಯಂತೆ ಜಾರಿತು. ಗ್ಲೂಕೋಸ್ ಸ್ಟ್ಯಾಂಡ್ ಹಿಡಿದೆ. ಅದಕ್ಕೆ ಚಕ್ರಗಳಿದ್ದವು. ಇಬ್ಬರೂ ಬಾಗಿಲ ಕಡೆಗೆ ಮೆರವಣಿಗೆ ಹೊರಟೆವು. ನಾನು ಎದ್ದದ್ದಕ್ಕೆ ಹಾಸಿಗೆಯ ಅಲಾರಂ ಊರಿಗೇ ಕೇಳುವಂತೆ ಕೂಗುತ್ತಿತ್ತು. ಓಡಿಬಂದ ಮೂವರು ನರ್ಸ್‌ಗಳು ಹಿಡಿದುಕೊಂಡರು, ಗೌನಿನ ತೆರೆದ ಕಡೆಯಿಂದ.

ಆಮೇಲೆ ಪಾಠವಾಯಿತು. ಅರಿವಳಿಕೆಯ ಮಂಪರು, ತಟ್ಟನೆ ಎದ್ದಾಗ ಇಳಿಯುವ ರಕ್ತದೊತ್ತಡ, ಪಾಲಿಶ್ ನೆಲ, ಜೊತೆಗೆ ಅವಸರ: ಬೀಳಲು ಇಷ್ಟು ಸಾಕು. ಮಲಗಿದಾಗ ಕಾಲುಚೀಲ ಸುತ್ತು ತಿರುಗಿದರೂ ಹಿಡಿತ ಇರಲೆಂದೇ ಎರಡೂ ಕಡೆ ಬೊಟ್ಟು. ಆಸ್ಪತ್ರೆಗೂ ಇದರಲ್ಲಿ ಕಾಳಜಿಯಿದೆ: ಒಳಗೇ ಬಿದ್ದು ಮೂಳೆ ಮುರಿದರೆ ಅದರ ಹೆಚ್ಚುವರಿ ಖರ್ಚನ್ನು ಅಲ್ಲಿನ ಹಿರಿಯರ ಸರ್ಕಾರಿ ವಿಮೆ ಮೆಡಿಕೇರ್ 2008ರ ಅಕ್ಟೋಬರ್‌ನಿಂದ ಕಟ್ಟಿಕೊಡುತ್ತಿಲ್ಲ.

ಮತ್ತೆ ಆ ಹಳದಿ? ಅಮೆರಿಕದ ಎಷ್ಟೋ ಆಸ್ಪತ್ರೆಗಳಲ್ಲಿ ಅದರರ್ಥ, "ಈತ ಬೀಳುವ ಆಸಾಮಿ, ಕಣ್ಣಿಟ್ಟಿರಿ."

ಆ ಜೊತೆ ಈಗ ಮೈಸೂರಿನ ಮನೆಯಲ್ಲಿದೆ. ಚಳಿಗಾಲದ ರಾತ್ರಿ ನಾನದನ್ನು ಹಾಕಿಕೊಂಡರೆ, ಹೆಂಡತಿ ಟಾರ್ಚ್ ಬಿಟ್ಟು ಬೊಟ್ಟು ಹೊರಗಿದೆಯೇ ಎಂದು ನೋಡಿಯೇ ಮಲಗುತ್ತಾಳೆ.