ಸ್ಪ್ಯಾನರ್ ದೀಪದ ತಿರುಪತಿ ದಾರಿ

ಕೋಲಾರದವರಿಗೆ ತಿರುಪತಿಯೇನು ದೂರವಲ್ಲ. ಮುಳಬಾಗಿಲು, ನಂಗಲಿ, ಪಲಮನೇರು, ಚಿತ್ತೂರು ಎಂದು ದಾರಿಯ ಊರುಗಳನ್ನು ಮಕ್ಕಳೂ ಒಪ್ಪಿಸುತ್ತಾರೆ. ಆದರೂ ಹೊರಡುವ ಮುನ್ನ ಕಾರನ್ನು ಸರ್ವೀಸಿಗೆ ಬಿಡದಿದ್ದರೆ ನಮ್ಮ ನಿವೃತ್ತ ಹೆಡ್‌ಮೇಷ್ಟ್ರಿಗೆ ನಿದ್ದೆ ಬರುವುದಿಲ್ಲ. ಬಿಟ್ಟರು. ಇಂಜಿನ್ ಆಯಿಲ್, ಆಯಿಲ್ ಫಿಲ್ಟರ್, ಏರ್ ಫಿಲ್ಟರ್, ವೀಲ್ ಅಲೈನ್‌ಮೆಂಟ್, ಜೊತೆಗೆ ಏನೆಂದು ಕೇಳಿದರೂ ಯಾರೂ ಬಿಡಿಸಿ ಹೇಳದ ‘ಕನ್ಸ್ಯೂಮಬಲ್ಸ್’. ಬಿಲ್ಲಿನ ಒಂದೊಂದು ಸಾಲಿಗೂ, ಉತ್ತರಪತ್ರಿಕೆ ತಿದ್ದುವ ಹಾಗೆ, ಕೆಂಪು ಪೆನ್ನಿನಲ್ಲಿ ಟಿಕ್ ಹಾಕಿ ದುಡ್ಡು ಕಟ್ಟಿದರು. ತೊಳೆದ ಕಾರು ಮಿರಮಿರ ಮಿಂಚುತ್ತಿತ್ತು. ಕೀ ತಿರುಗಿಸಿದರೆ ಡ್ಯಾಶ್‌ಬೋರ್ಡಿನ ಮೇಲೆ ಹಳದಿ ಸ್ಪ್ಯಾನರ್ ಒಂದು ಹೊತ್ತಿಕೊಂಡು ಕೂತಿತ್ತು.

“ಓಡಿಸ್ತಾ ಓಡಿಸ್ತಾ ಹೋಗ್ಬಿಡುತ್ತೆ ಸಾರ್” ಎಂದ ಸರ್ವೀಸಿನ ಹುಡುಗ ಷಟರ್ ಎಳೆದ.

ಹೋಗಲಿಲ್ಲ. ಮರುದಿನ ಬೆಳಿಗ್ಗೆ ಲಗೇಜು ಹತ್ತಿದಾಗಲೂ ಇತ್ತು. ಮೇಷ್ಟ್ರ ಹೆಂಡತಿ ಮುಂದಿನ ಸೀಟಿನಲ್ಲಿ ಕೂತು ಅದನ್ನು ಸ್ವಲ್ಪ ಹೊತ್ತು ನೋಡಿ, “ರೀ, ಎಣ್ಣೆ ಹಾಕಿಸಿದ ಮೇಲೆ ದೀಪ ಉರಿಯೋದು ಸರಿ ತಾನೆ?” ಎಂದರು. ಮೂವತ್ತು ವರ್ಷ ವಿಜ್ಞಾನ ಪಾಠ ಮಾಡಿದ ಮನುಷ್ಯನಿಗೆ ಇದಕ್ಕೆ ತಕ್ಷಣ ಉತ್ತರ ಹೊಳೆಯಲಿಲ್ಲ.

ಕಾರಿನಲ್ಲಿ ದೀಪ ಹತ್ತಿದರೆ ಮೆಕ್ಯಾನಿಕ್‌ಗಿಂತ ಮೊದಲು ನೆಂಟರಿಗೆ ಫೋನು ಹೋಗುವುದು ನಮ್ಮಲ್ಲಿ ವಾಡಿಕೆ. ಮಾಲೂರಿನಲ್ಲಿ ಹೆಂಚಿನ ಕಾರ್ಖಾನೆಯ ಲೆಕ್ಕ ನೋಡುವ ಭಾವಮೈದ ಕೇಳಿದ ಕೂಡಲೇ ತೀರ್ಪು ಕೊಟ್ಟ: “ಧೂಳು ಭಾವ, ಬೇರೆ ಏನಿಲ್ಲ. ಏರ್ ಫಿಲ್ಟರ್ ಬಿಚ್ಚಿ ಒದರಿಸಿ.” ಇಟ್ಟಿಗೆ, ಹೆಂಚಿನ ಊರಲ್ಲಿ ಬದುಕುವವನಿಗೆ ಜಗತ್ತಿನ ಎಲ್ಲ ಕಾಯಿಲೆಗೂ ಧೂಳೇ ಮೂಲ. ಶ್ರೀನಿವಾಸಪುರದ ಷಡ್ಡಕರು ಮಾವಿನ ತೋಟದವರು, ಆದರೆ ಮೊಬೈಲಿನಲ್ಲಿ ಕಾರಿನ ವಿಡಿಯೋ ನೋಡಿ ನೋಡಿ ಅರ್ಧ ಇಂಜಿನಿಯರ್ ಆದವರು. “ಸೆನ್ಸರ್ ಹೋಗಿದೆ ಅಣ್ಣ. ಸ್ಕ್ಯಾನ್ ಮಾಡ್ಬೇಕು. ಇರಿ, ನಾನೇ ಒಂದು ಸ್ಕ್ಯಾನರ್ ತರಿಸ್ತೀನಿ” ಎಂದರು. ಮಾವು, ಟೊಮೆಟೊ ಹೊರುವ ಪಿಕಪ್ಪಿನ ಚಾಲಕರನ್ನು ಕೇಳಿದ್ದರೆ ಇನ್ನೂ ಅಗ್ಗದ ಚಿಕಿತ್ಸೆ ಸಿಗುತ್ತಿತ್ತು: ದೀಪದ ಮೇಲೆ ಒಂದು ತುಂಡು ಕರಿ ಟೇಪು.

ಇಬ್ಬರು ನೆಂಟರೂ ಬುದ್ಧಿವಂತರೇ, ಆದರೆ ದೀಪ ಬೇರೆ. ಷಡ್ಡಕರು ಹೇಳುತ್ತಿದ್ದದ್ದು ಇಂಜಿನ್ ಚಿತ್ರದ ಹಳದಿ ದೀಪದ ಕಥೆ. ಅದರ ಹಿಂದೆ ನಿಜವಾಗಿಯೂ ಸೆನ್ಸರುಗಳ ಕಾವಲು ಇದೆ. ಅಮೆರಿಕದಲ್ಲಿ 1996ರಿಂದ ಎಲ್ಲ ಹೊಸ ಕಾರುಗಳಿಗೂ ಕಡ್ಡಾಯವಾದ ಓಬಿಡಿ-2 ವ್ಯವಸ್ಥೆ ನಮ್ಮಲ್ಲೂ ಬಂದಿದೆ. ಸ್ಟೀರಿಂಗಿನ ಕೆಳಗೆ ಕೈಯಾಡಿಸಿದರೆ ಹದಿನಾರು ಪಿನ್ನಿನ ಸಾಕೆಟ್ ಸಿಗುತ್ತದೆ. ಅದಕ್ಕೆ ಸ್ಕ್ಯಾನರ್ ಚುಚ್ಚಿದರೆ ತಪ್ಪಿನ ಸಂಕೇತ ಓದಬಹುದು. ಈ ದೀಪ ಹಲವು ಕಾರುಗಳಲ್ಲಿ, ಸತತ ಮೂರು ಸಲದ ಓಡಾಟದಲ್ಲಿ ದೋಷ ಮತ್ತೆ ಕಾಣಿಸದಿದ್ದರೆ, ತಾನಾಗಿಯೇ ಆರುತ್ತದೆ. ಸರ್ವೀಸಿನ ಹುಡುಗನ ‘ಹೋಗ್ಬಿಡುತ್ತೆ’ ಇಲ್ಲಿಂದ ಬಂದ ಅರ್ಧ ಸತ್ಯ.

ದಾರಿಯೇ ಔಷಧಿಯಾಗುವ ದೀಪವೂ ಒಂದುಂಟು. 2020ರ ಏಪ್ರಿಲ್‌ನಿಂದ ಬಂದ ಬಿಎಸ್-6 ಡೀಸೆಲ್ ಕಾರುಗಳ ಹೊಗೆಕೊಳವೆಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಬೆಂಗಳೂರಿನ ಸಿಗ್ನಲ್ಲುಗಳಲ್ಲಿ ತೆವಳಿ ತೆವಳಿ ಅದು ಕಟ್ಟಿಕೊಂಡರೆ ದೀಪ ಹತ್ತುತ್ತದೆ. ಒಳಗೆ ಸುಮಾರು 600 ಡಿಗ್ರಿ ಶಾಖ ಏರಿದರೆ ಮಾತ್ರ ಆ ಮಸಿ ಸುಟ್ಟುಹೋಗುವುದು. ಅದಕ್ಕೆ ಬೇಕಾದದ್ದು ನಿಲ್ಲದ ಒಂದು ಓಟ. ಅಂಥವರಿಗೆ ಕೋಲಾರದ ಹೆದ್ದಾರಿಯೇ ಆಸ್ಪತ್ರೆ, ಬಿಲ್ಲು ಟೋಲ್‌ನಲ್ಲಿ. ಕೆಂಪು ಬಣ್ಣದ ಎಣ್ಣೆಕುಡಿಕೆಯ ದೀಪದ ಮಾತು ಮಾತ್ರ ಬೇರೆ. ಅದು ಹತ್ತಿದರೆ ನೆಂಟರಿಗೆ ಫೋನು ಮಾಡುವುದಕ್ಕೂ ಮೊದಲು ಕಾರನ್ನು ಪಕ್ಕಕ್ಕೆ ಹಾಕಿ ಇಂಜಿನ್ ಆರಿಸಬೇಕು.

ಮೇಷ್ಟ್ರ ಸ್ಪ್ಯಾನರ್ ಇದ್ಯಾವುದೂ ಅಲ್ಲ. ಅದು ಎಣ್ಣೆ ನೋಡುವುದಿಲ್ಲ, ಫಿಲ್ಟರ್ ಮೂಸುವುದಿಲ್ಲ. ಇಷ್ಟು ಕಿಲೋಮೀಟರ್ ಅಥವಾ ಇಷ್ಟು ತಿಂಗಳು, ಸಾಮಾನ್ಯವಾಗಿ ನಮ್ಮ ಪೆಟ್ರೋಲ್ ಕಾರುಗಳಲ್ಲಿ 10,000 ಕಿ.ಮೀ. ಅಥವಾ ಒಂದು ವರ್ಷ, ಎಂದು ಎಣಿಸುತ್ತಾ ಕೂತಿರುತ್ತದೆ. ಲೆಕ್ಕ ಮುಗಿದರೆ ಹತ್ತುತ್ತದೆ. ಹೊಸ ಎಣ್ಣೆ ಹಾಕಿ, ಆರತಿ ಎತ್ತಿದರೂ, ಯಾರಾದರೂ ಬಟನ್ ಒತ್ತಿ ‘ಸರ್ವೀಸ್ ಆಯ್ತಪ್ಪಾ’ ಎಂದು ತಿಳಿಸುವ ತನಕ ಅದರ ಮಟ್ಟಿಗೆ ಏನೂ ಆಗಿಲ್ಲ. ಕೆಲವು ಕಾರುಗಳು ಇಂಜಿನ್ನಿನ ಬಿಸಿ, ವೇಗ ನೋಡಿ ಎಣ್ಣೆಯ ಆಯುಸ್ಸನ್ನು ಅಂದಾಜು ಮಾಡುತ್ತವೆ. ಅವಕ್ಕೂ ಹೊಸ ಎಣ್ಣೆ ಬಂದ ಸುದ್ದಿಯನ್ನು ಬಾಯಿಬಿಟ್ಟು ಹೇಳಲೇಬೇಕು. ಈ ದಡ್ಡತನಕ್ಕೆ ಎರಡು ಮುಖ. ಮಾಲೂರಿನ ಇಟ್ಟಿಗೆ ಗೂಡುಗಳ ನಡುವೆ ದಿನಾ ಓಡುವ ಕಾರಿನ ಫಿಲ್ಟರ್ ಅವಧಿಗೆ ಮುಂಚೆಯೇ ಕಟ್ಟಿಕೊಳ್ಳುತ್ತದೆ. ಧೂಳಿನ ದಾರಿಯಲ್ಲಿ ಬೇಗ ಬದಲಿಸಿ ಎಂದು ಕೈಪಿಡಿಯೇ ಹೇಳುತ್ತದೆ. ಸ್ಪ್ಯಾನರ್‌ಗೆ ಅದೂ ಗೊತ್ತಿಲ್ಲ. ಹಾಗೆ ನೋಡಿದರೆ ಭಾವಮೈದನ ಮಾತು ಅವನ ಕಾರಿಗೆ ಸರಿಯಾಗಿಯೇ ಇತ್ತು.

ಮುಳಬಾಗಿಲಿಗೆ ಬಂದು ದೋಸೆ ತಿನ್ನದೆ ಮುಂದೆ ಹೋಗುವುದು ದೈವದ್ರೋಹ. ತಿಂದರು. ಹೋಟೆಲಿನ ಎದುರು ಒಬ್ಬ ಮೆಕ್ಯಾನಿಕ್ ಬೈಕಿನ ಚೈನ್ ಬಿಗಿಮಾಡುತ್ತಿದ್ದ. ಮೇಷ್ಟ್ರು ಬಿಲ್ಲು ತೋರಿಸಿ, ಪೀಠಿಕೆ ಹಾಕಿ, ನೆಂಟರ ಅಭಿಪ್ರಾಯಗಳನ್ನೂ ವಿವರಿಸತೊಡಗಿದರು. ಅವನು ಅಷ್ಟರಲ್ಲಿ ಒಳಗೆ ಕೂತಾಗಿತ್ತು. ಟ್ರಿಪ್ ಮೀಟರ್ ತೋರಿಸುವಂತೆ ಮಾಡಿ ಕೀ ಆಫ್ ಮಾಡಿದ. ಟ್ರಿಪ್ಪಿನ ಗುಂಡಿ ಒತ್ತಿ ಹಿಡಿದೇ ಕೀ ಆನ್ ಮಾಡಿದ. ಪರದೆಯ ಮೇಲೆ ಗೆರೆಗಳು ಒಂದೊಂದಾಗಿ ಕರಗಿ ಸೊನ್ನೆ ಬಂತು. ಸ್ಪ್ಯಾನರ್ ಮಾಯ. ಎಲ್ಲ ಕಾರಿಗೂ ಈ ಮಂತ್ರ ನಡೆಯುವುದಿಲ್ಲ; ಕೆಲವದರಲ್ಲಿ ಸ್ಟೀರಿಂಗಿನ ಬಟನ್, ಕೆಲವದರಲ್ಲಿ ಮೆನುವಿನೊಳಗೆ ಮೆನು, ಕೆಲವದಕ್ಕೆ ಸ್ಕ್ಯಾನರ್ರೇ ಬೇಕು. ಕೈಪಿಡಿಯಲ್ಲಿ ಬರೆದಿರುತ್ತದೆ. ಮೇಷ್ಟ್ರ ಕೈಪಿಡಿ ಪ್ಲಾಸ್ಟಿಕ್ ಕವರು ಬಿಚ್ಚದೆ ಗ್ಲವ್ ಬಾಕ್ಸಿನಲ್ಲಿ ಭದ್ರವಾಗಿತ್ತು.

“ಎಷ್ಟಪ್ಪಾ?”

“ಏಮೀ ಲೇದು ಸಾರ್. ಬಟನ್ ಒತ್ತಿದ್ದಕ್ಕೆ ದುಡ್ಡಾ? ಬರ್ತಾ ಒಂದು ಲಡ್ಡು ಕೊಟ್ಟು ಹೋಗಿ.”

ನಂಗಲಿ ಹತ್ತಿರ ಕಾರು ಕೀಂ ಕೀಂ ಎಂದಿತು. ಹೆಂಡತಿ ಗಾಬರಿಯಾದರು. ಅದು 80 ಕಿ.ಮೀ. ವೇಗ ದಾಟಿದರೆ ಕೂಗುವ ಎಚ್ಚರಿಕೆ, 2019ರ ಜುಲೈನಿಂದ ಹೊಸ ಕಾರುಗಳಿಗೆ ಕಡ್ಡಾಯ ಎಂದು ಮೇಷ್ಟ್ರು ಪಾಠದ ದನಿಯಲ್ಲಿ ಹೇಳಿ ಕಾಲು ಸಡಿಲಿಸಿದರು. ಆಮೇಲೆ ಷಡ್ಡಕರಿಗೆ ಫೋನು ಮಾಡಿ, ಸೆನ್ಸರ್ ಗಿನ್ಸರ್ ಏನಿಲ್ಲ, ದೀಪ ಹೋಯ್ತು ಎಂದರು. ಆ ಕಡೆ ಸ್ವಲ್ಪ ನಿರಾಶೆಯ ಉಸಿರು.

“ಸ್ಕ್ಯಾನರ್ ಆರ್ಡರ್ ಮಾಡ್ಬಿಟ್ಟೆ ಅಣ್ಣ. ಗುರುವಾರ ಬರುತ್ತೆ. ನೀವು ಹೇಗೂ ವಾಪಸ್ ಬಂದಿರ್ತೀರಲ್ಲ, ಕಾರ್ ತಗೊಂಡ್ ಬನ್ನಿ. ಹುಡುಕಿದ್ರೆ ಏನಾದ್ರೂ ಸಿಕ್ಕೇ ಸಿಗುತ್ತೆ.”