ಯೇತಿಯ ಕೈ ಅಲ್ಲಾಡಲಿ: ಡಿಸ್ನಿ ಆಡಳಿತ ಮಂಡಳಿಗೊಂದು ಬಹಿರಂಗ ಪತ್ರ

ಇವರಿಗೆ: ಡಿಸ್ನಿ ಕಂಪನಿಯ ಥೀಮ್ ಪಾರ್ಕ್ ವಿಭಾಗದ ಆಡಳಿತ ಮಂಡಳಿ
ವಿಷಯ: ಫ್ಲಾರಿಡಾದ ವಾಲ್ಟ್ ಡಿಸ್ನಿ ವರ್ಲ್ಡ್‌ನಲ್ಲಿ ಮುಂದೆ ಹೂಡಲಿರುವ ಬಂಡವಾಳದ ಒಂದು ಚೂರನ್ನು ಹಿಂದೆಯೇ ಕೆಟ್ಟು ನಿಂತವುಗಳ ಮೇಲೂ ಹೂಡುವ ಬಗ್ಗೆ

ಥೀಮ್ ಪಾರ್ಕಿನ ಹೂಡಿಕೆಯಲ್ಲಿ ಎರಡು ಬಗೆ. ಒಂದು ಘೋಷಣೆಯಾದ ಹೂಡಿಕೆ, ಇನ್ನೊಂದು ಕಣ್ಣಿಗೆ ಕಾಣುವ ಹೂಡಿಕೆ. ಮೊದಲನೆಯದರಲ್ಲಿ ಡಿಸ್ನಿ ಕಂಪನಿಯನ್ನು ಮೀರಿಸಿದವರಿಲ್ಲ. ಪಾರ್ಕುಗಳು, ವಿಹಾರ ನೌಕೆಗಳು ಮತ್ತು ಅವುಗಳ ಸುತ್ತಲಿನ ವ್ಯವಹಾರಕ್ಕೆ 10 ವರ್ಷಗಳಲ್ಲಿ ಸುಮಾರು 6,000 ಕೋಟಿ ಡಾಲರ್ ಸುರಿಯುವುದಾಗಿ ಮಂಡಳಿ 2023ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿತು. ಹಿಂದಿನ ದಶಕದಲ್ಲಿ ಹಾಕಿದ್ದಕ್ಕಿಂತ ಇದು ಹೆಚ್ಚುಕಡಿಮೆ ಎರಡು ಪಟ್ಟು. ಆಗಿನ ದರದಲ್ಲಿ ಸುಮಾರು 5 ಲಕ್ಷ ಕೋಟಿ ರೂಪಾಯಿ. ಅದೇ ವರ್ಷ ಕರ್ನಾಟಕ ಸರ್ಕಾರ ಮಂಡಿಸಿದ ಬಜೆಟ್ಟಿನ ಗಾತ್ರ 3.27 ಲಕ್ಷ ಕೋಟಿ. ಒಂದು ಹತ್ತು ವರ್ಷದ ಲೆಕ್ಕ, ಇನ್ನೊಂದು ಒಂದೇ ವರ್ಷದ್ದು, ನಿಜ. ಆದರೆ ಸರ್ಕಾರ ಆ ದುಡ್ಡಿನಲ್ಲಿ ರಸ್ತೆ, ಶಾಲೆ, ಆಸ್ಪತ್ರೆ, ಐದು ಗ್ಯಾರಂಟಿ ಎಲ್ಲವನ್ನೂ ತೂಗಿಸಬೇಕು. ಕಂಪನಿಯ ಹೊಣೆ ಒಂದು ಇಲಿಯ ಮುಖದ ನಗು ಮಾಸದಂತೆ ನೋಡಿಕೊಳ್ಳುವುದು.

ಘೋಷಣೆಯೂ ಒಂದು ರೈಡ್ ಎಂಬುದನ್ನು ಅಭಿಮಾನಿಗಳು ಬಹಳ ಹಿಂದೆಯೇ ಅರಿತಿದ್ದಾರೆ. ಕಂಪನಿಯದೇ ಅಭಿಮಾನಿ ಸಂಘವಾದ ಡಿ23ರ ಸಮಾವೇಶದಲ್ಲಿ ಅದು ಓಡುತ್ತದೆ. ಸಾವಿರಾರು ಜನ ಸಭಾಂಗಣದಲ್ಲಿ ಕೂರುತ್ತಾರೆ, ದೀಪ ಆರುತ್ತದೆ, ಪರದೆಯ ಮೇಲೆ ಚಿತ್ರವೊಂದು ಮೂಡುತ್ತದೆ: ಮುಸ್ಸಂಜೆಯ ಆಕಾಶ, ಹೊಳೆಯುವ ಗೋಪುರ, ಬಲೂನು ಹಿಡಿದ ಮಗು, ಎಲ್ಲೂ ಕ್ಯೂ ಇಲ್ಲ. ಜನ ಕಿರುಚುತ್ತಾರೆ. ರೋಲರ್ ಕೋಸ್ಟರ್‌ನಲ್ಲೂ ಆಗುವುದು ಇಷ್ಟೇ. ವ್ಯತ್ಯಾಸವೆಂದರೆ ಈ ರೈಡಿಗೆ ಗ್ರೀಸ್ ಹಚ್ಚಬೇಕಿಲ್ಲ, ಗುಡುಗು ಬಂದರೆ ನಿಲ್ಲಿಸಬೇಕಿಲ್ಲ. ಇಳಿಯುವ ಜಾಗವಂತೂ ಇಲ್ಲವೇ ಇಲ್ಲ.

ಡಿಸ್ನಿ ವರ್ಲ್ಡ್‌ನ ಮ್ಯಾಜಿಕ್ ಕಿಂಗ್‌ಡಮ್ ಪಾರ್ಕಿನ ಮುಖ್ಯ ಬೀದಿಗೆ ಬರಲಿದ್ದ ರಂಗಮಂದಿರ 2017ರಲ್ಲಿ ಹೀಗೇ ಪರದೆಯ ಮೇಲೆ ಮೂಡಿತು, ಅಲ್ಲಿಂದ ಕೆಳಗಿಳಿಯಲಿಲ್ಲ. 2019ರಲ್ಲಿ ಎಪ್ಕಾಟ್ ಪಾರ್ಕಿನ ಬ್ರಿಟನ್ ವಿಭಾಗಕ್ಕೆ ಮೇರಿ ಪಾಪಿನ್ಸ್‌ಳ ಬೀದಿಯೇ ಬರುತ್ತದೆ ಎಂದರು. ಆಕೆ ಕೊಡೆ ಹಿಡಿದು ಹಾರಿಬರುವವಳಾದ್ದರಿಂದ ಗಾಳಿ ಎತ್ತಲೋ ಕೊಂಡೊಯ್ದಿರಬೇಕು ಎಂದು ಅಭಿಮಾನಿಗಳು ಸಮಾಧಾನ ಮಾಡಿಕೊಂಡಿದ್ದಾರೆ. ಅದೇ ವರ್ಷ, ಅದೇ ಪಾರ್ಕಿನಲ್ಲಿ, 2007ರಲ್ಲೇ ಬಾಗಿಲು ಹಾಕಿದ್ದ ‘ವಂಡರ್ಸ್ ಆಫ್ ಲೈಫ್’ ಕಟ್ಟಡದೊಳಗೆ ಹೊಸ ಆಟದ ಮಂಟಪವೊಂದನ್ನು ಪ್ರಕಟಿಸಲಾಯಿತು. ಆ ಮಂಟಪವೂ ತೆರೆಯಲಿಲ್ಲ. 2022ರಲ್ಲಿ ಮಂಡಳಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಮ್ಯಾಜಿಕ್ ಕಿಂಗ್‌ಡಮ್‌ನ ಬಿಗ್ ಥಂಡರ್ ಬೆಟ್ಟದಾಚೆ ಏನಾದರೂ ಬಂದರೂ ಬರಬಹುದು, ಬಂದರೆ ಅದು ಹೇಗಿದ್ದೀತು ಎಂದು ವೇದಿಕೆಯ ಮೇಲೇ ಯೋಚಿಸಿ ತೋರಿಸಿತು. ಇಲ್ಲದ ಯೋಜನೆಗೆ ಚಪ್ಪಾಳೆ ಗಿಟ್ಟಿಸುವುದು ನಮ್ಮ ಯಾವ ಜಿಲ್ಲಾ ಉಸ್ತುವಾರಿ ಸಚಿವರಿಗೂ ಆಗದ ಮಾತು. ಅವರು ಕೊನೆಗೆ ಒಂದು ಅಡಿಗಲ್ಲನ್ನಾದರೂ ನೆಟ್ಟು ಹೋಗುತ್ತಾರೆ.

2024ರ ಆಗಸ್ಟ್‌ನಲ್ಲಿ ಮಂಡಳಿ ತನ್ನ ಹಿಂದಿನ ಚಾಳಿಗೆ ತಾನೇ ನಾಚಿಕೊಂಡಂತೆ ಕಂಡಿತು. ಈ ಸಲ ಹೇಳಿದ್ದೆಲ್ಲ ನಿಜಕ್ಕೂ ಕಟ್ಟುವಂಥವು, ನಕ್ಷೆ ಸಿದ್ಧವಾಗಿದೆ, ಮಣ್ಣು ಅಗೆಯುತ್ತೇವೆ ಎಂಬ ಭರವಸೆ ಸಿಕ್ಕಿತು. ಖಳನಾಯಕರಿಗೇ ಮೀಸಲಾದ ಒಂದು ಲೋಕ, ‘ಕಾರ್ಸ್’ ಚಿತ್ರದ ಗುಡ್ಡಗಾಡು, ‘ಮಾನ್‌ಸ್ಟರ್ಸ್ ಇಂಕ್’ನ ಬಾಗಿಲುಗಳು ನೇತಾಡುವ ಕೋಸ್ಟರ್, ಅನಿಮಲ್ ಕಿಂಗ್‌ಡಮ್ ಪಾರ್ಕಿನಲ್ಲಿ ಡೈನೊಸಾರ್‌ಗಳನ್ನು ಎಬ್ಬಿಸಿ ಅಲ್ಲಿ ‘ಎನ್‌ಕಾಂಟೊ’ ಮತ್ತು ಇಂಡಿಯಾನಾ ಜೋನ್ಸ್. ಮಣ್ಣು ಅಗೆದದ್ದೂ ಹೌದು. ಇದಕ್ಕಾಗಿ ಮಂಡಳಿಗೆ ಧನ್ಯವಾದ ಸಲ್ಲಬೇಕು. ಕೊಟ್ಟ ಮಾತನ್ನು ನಡೆಸಿದ್ದಕ್ಕೆ ಧನ್ಯವಾದ ಹೇಳುವ ಸ್ಥಿತಿಗೆ ಅಭಿಮಾನಿಗಳನ್ನು ತಂದಿಟ್ಟದ್ದಕ್ಕೂ ಸೇರಿಸಿ.

ಅಗೆಯಲು ಶುರುಮಾಡಿದ ಮೇಲೂ ಆತುರ ಸಲ್ಲದು. ಮ್ಯಾಜಿಕ್ ಕಿಂಗ್‌ಡಮ್ ಎಂಬ ಇಡೀ ಪಾರ್ಕಿನ ಕೆಲಸ ಜೌಗು ನೆಲದಲ್ಲಿ 1967ರಲ್ಲಿ ಆರಂಭವಾಯಿತು, 1971ರ ಅಕ್ಟೋಬರ್ 1ರಂದು ಪಾರ್ಕು ಬಾಗಿಲು ತೆರೆಯಿತು. ಕೋಟೆ, ರೈಲು, ಹೋಟೆಲು, ಕೆರೆ ಎಲ್ಲ ಸೇರಿ ನಾಲ್ಕು ವರ್ಷ ಚಿಲ್ಲರೆ. ಅದೇ ಪಾರ್ಕಿನೊಳಗೆ ‘ಟ್ರಾನ್’ ಎಂಬ ಒಂದೇ ಒಂದು ಕೋಸ್ಟರ್ 2017ರಲ್ಲಿ ಘೋಷಣೆಯಾಗಿ 2023ರ ಏಪ್ರಿಲ್‌ನಲ್ಲಿ ಓಡಿತು. ನಡುವೆ ಕೋವಿಡ್ ಬಂತು ಎಂಬುದನ್ನು ಮರೆಯುವಂತಿಲ್ಲ. ಅದರ ಪಡಿಯಚ್ಚು ಶಾಂಘೈಯಲ್ಲಿ 2016ರಿಂದಲೇ ಓಡುತ್ತಿತ್ತು ಎಂಬುದನ್ನೂ ಮರೆಯುವಂತಿಲ್ಲ.

ಈ ಕಾಯುವಿಕೆ ಅಭಿಮಾನಿಗಳನ್ನು ವಿಚಿತ್ರ ವಿದ್ಯೆಗಳಲ್ಲಿ ಪಳಗಿಸಿದೆ. ಹೊಸದಾಗಿ ಏನನ್ನು ಕಟ್ಟುವುದಿದ್ದರೂ ಕಂಪನಿ ದಕ್ಷಿಣ ಫ್ಲಾರಿಡಾದ ಜಲ ನಿರ್ವಹಣಾ ಇಲಾಖೆಯ ಪರವಾನಗಿ ಪಡೆಯಬೇಕು. ಮಳೆನೀರು ಎಲ್ಲಿ ಹರಿದು ಎಲ್ಲಿ ಇಂಗುತ್ತದೆ ಎಂಬ ನಕ್ಷೆ ಒಪ್ಪಿಸಬೇಕು. ಅದು ಸಾರ್ವಜನಿಕ ದಾಖಲೆ. ಮನೆಯ ಮುಂದಿನ ಚರಂಡಿ ಎತ್ತ ಹರಿಯುತ್ತದೆಂದು ಗೊತ್ತಿಲ್ಲದವರೂ ಆ ನಕ್ಷೆಯ ಚರಂಡಿ ಗೆರೆಯನ್ನು ಹಿಗ್ಗಿಸಿ ನೋಡಿ, ಕೊಳವೆಯ ವ್ಯಾಸದಿಂದ ಕಟ್ಟಡದ ಗಾತ್ರವನ್ನೂ, ಕಟ್ಟಡದ ಗಾತ್ರದಿಂದ ರೈಡಿನ ಬಗೆಯನ್ನೂ ಊಹಿಸುತ್ತಾರೆ. ಹೆಲಿಕಾಪ್ಟರ್ ಏರಿ ಮೇಲಿನಿಂದ ಫೋಟೊ ತೆಗೆಯುವವರೂ ಇದ್ದಾರೆ. ಒಂದು ಜೆಸಿಬಿ ಎಡಗಡೆಯಿಂದ ಬಲಗಡೆಗೆ ಸರಿದರೆ ಸಾಕು, ಎರಡು ವಾರದ ಚರ್ಚೆಗೆ ಗ್ರಾಸ.

ಮನವಿಯ ಮುಖ್ಯ ಭಾಗ ಯೇತಿ ಎಂಬ ಹಿಮಮಾನವನಿಗೆ ಸಂಬಂಧಿಸಿದ್ದು. ಅನಿಮಲ್ ಕಿಂಗ್‌ಡಮ್‌ನ ಏಷ್ಯಾ ವಿಭಾಗದಲ್ಲಿ ಆನಂದಪುರ ಎಂಬ ಕಲ್ಪಿತ ರಾಜ್ಯವಿದೆ. (ಸಾಗರ ತಾಲ್ಲೂಕಿನ ಆನಂದಪುರದವರು ಗಾಬರಿಯಾಗಬೇಕಿಲ್ಲ; ಅವರ ಊರನ್ನು ಯಾರೂ ಎತ್ತಿಕೊಂಡು ಹೋಗಿಲ್ಲ.) ಅಲ್ಲಿ 2006ರ ಏಪ್ರಿಲ್‌ನಲ್ಲಿ ‘ಎಕ್ಸ್‌ಪೆಡಿಷನ್ ಎವರೆಸ್ಟ್’ ಎಂಬ ಕೋಸ್ಟರ್ ತೆರೆಯಿತು. ಚಹಾ ಸಾಗಿಸುವ ಹಳೆಯ ರೈಲು ಹಿಮಾಲಯ ಹತ್ತುತ್ತದೆ. ಮೇಲೆ ಹೋದರೆ ಹಳಿಯನ್ನು ಯಾರೋ ಕಿತ್ತು ತಿರುಚಿದ್ದಾರೆ. ರೈಲು ಕತ್ತಲೆಯಲ್ಲಿ ಹಿಮ್ಮುಖವಾಗಿ ಜಾರುತ್ತದೆ. ಇದನ್ನು ಕಟ್ಟಿದವರ ಕಸುಬುದಾರಿಕೆಯ ಬಗ್ಗೆ ಎರಡು ಮಾತಿಲ್ಲ. ಮಂತ್ರಪತಾಕೆಗಳು ಬಿಸಿಲಿಗೆ ಮಾಸಿದಂತೆ, ಗೋಡೆಯ ಬಣ್ಣ ಮಳೆಗೆ ಉದುರಿದಂತೆ, ಬಾಗಿಲ ಹಿಡಿಕೆ ನೂರಾರು ಕೈ ತಾಗಿ ಸವೆದಂತೆ ಮಾಡಿಟ್ಟಿದ್ದಾರೆ. ಪರ್ವತದ ಎತ್ತರ 199.5 ಅಡಿ. 200 ಅಡಿ ಮುಟ್ಟಿದರೆ ವಿಮಾನಗಳಿಗೆ ಕಾಣುವಂತೆ ನೆತ್ತಿಯ ಮೇಲೆ ಕೆಂಪು ದೀಪ ಹಾಕಬೇಕಾಗುತ್ತಿತ್ತು. ಎವರೆಸ್ಟಿನ ತುದಿಯಲ್ಲಿ ಮೊಬೈಲ್ ಟವರ್‌ನಂತೆ ದೀಪ ಮಿನುಗಬಾರದೆಂದು ಅರ್ಧ ಅಡಿ ಕೆಳಗೇ ನಿಲ್ಲಿಸಿದರು.

ಇಷ್ಟೆಲ್ಲ ನಡೆಯುವುದು ಕೊನೆಯ ಒಂದು ಕ್ಷಣಕ್ಕಾಗಿ. ರೈಲು ಗುಹೆಯೊಳಗೆ ನುಗ್ಗುವಾಗ ಸುಮಾರು 25 ಅಡಿಯ ಯಂತ್ರಯೇತಿ ಮೈಮೇಲೆರಗಿ ಕೈ ಬೀಸಬೇಕು. ಕೆಲವು ತಿಂಗಳು ಬೀಸಿತು. ಆಮೇಲೆ ನಿಂತಿತು. ಅಡಿಪಾಯದ ಕಾಂಕ್ರೀಟಿನಲ್ಲೇ ತೊಡಕಿದೆ, ಸರಿಮಾಡಬೇಕಾದರೆ ಬೆಟ್ಟವನ್ನೇ ಬಿಚ್ಚಬೇಕು ಎಂಬುದು ಎಲ್ಲೆಡೆ ಕೇಳಿಬರುವ ವಿವರಣೆ. ಬೆಟ್ಟ ಬಿಚ್ಚುವ ಬದಲು ಯೇತಿಯ ಮುಂದೆ ಮಿಂಚುವ ದೀಪ ಹಾಕಿ, ಅಲುಗಾಡದ ಬೊಂಬೆ ಅಲುಗಾಡಿದಂತೆ ತೋರಿಸುವ ವ್ಯವಸ್ಥೆ ಮಾಡಲಾಯಿತು. ಅಭಿಮಾನಿಗಳು ಅದಕ್ಕೆ ‘ಡಿಸ್ಕೊ ಯೇತಿ’ ಎಂದು ನಾಮಕರಣ ಮಾಡಿ ಅಂಗಿಯ ಮೇಲೆ ಅಚ್ಚು ಹಾಕಿಸಿಕೊಂಡಿದ್ದಾರೆ. ಈ ಬೆಟ್ಟದ ಶಿಲ್ಪಿ ಜೋ ರೋಡಿ ಎಂದಾದರೂ ಒಂದು ದಿನ ಯೇತಿಯನ್ನು ಸರಿಪಡಿಸಿಯೇ ತೀರುವುದಾಗಿ 2013ರಲ್ಲಿ ಅಭಿಮಾನಿಗಳ ಎದುರು ಹೇಳಿದರು; 2021ರ ಆರಂಭದಲ್ಲಿ ನಿವೃತ್ತರಾದರು. ಯೇತಿಗೆ ನಿವೃತ್ತಿಯ ಸೌಲಭ್ಯವಿಲ್ಲ. ಅದು ಕೈ ಎತ್ತಿಕೊಂಡೇ ನಿಂತಿದೆ.

ಮಂಡಳಿಯ ಕಡೆಯಿಂದ ಇದಕ್ಕೆ ಬರಬಹುದಾದ ಉತ್ತರವೂ ಗೊತ್ತಿರುವುದೇ. ರೈಲು ಗಂಟೆಗೆ 80 ಕಿಲೋಮೀಟರ್ ವೇಗ ಮುಟ್ಟುವಂಥದ್ದು, ಪ್ರಯಾಣಿಕರಿಗೆ ಯೇತಿ ಕಾಣುವುದು ಕಣ್ಣು ಮಿಟುಕಿಸುವಷ್ಟು ಹೊತ್ತು, ಕ್ಯೂ ಏನೂ ಕಮ್ಮಿಯಾಗಿಲ್ಲ. ಲೆಕ್ಕಪತ್ರದ ದೃಷ್ಟಿಯಿಂದ ಈ ವಾದಕ್ಕೆ ಎದುರಾಡುವಂತಿಲ್ಲ. ಅಲ್ಲಾಡುವ ಯೇತಿಗೂ ಅಲ್ಲಾಡದ ಯೇತಿಗೂ ಟಿಕೆಟ್ ದರ ಒಂದೇ ಆದಾಗ, ಅಲ್ಲಾಡಿಸುವುದು ದುಂದುವೆಚ್ಚ.

ಎರಡನೆಯ ಮನವಿ ‘ಕರೋಸೆಲ್ ಆಫ್ ಪ್ರೋಗ್ರೆಸ್’ ಎಂಬ ಪ್ರಗತಿಯ ಪ್ರದರ್ಶನದ ಕುರಿತು. 1964ರ ನ್ಯೂಯಾರ್ಕ್ ವಿಶ್ವಮೇಳಕ್ಕಾಗಿ ವಾಲ್ಟ್ ಡಿಸ್ನಿಯ ಕಾಲದಲ್ಲೇ ತಯಾರಾಗಿ, ಕ್ಯಾಲಿಫೋರ್ನಿಯಾ ಸುತ್ತಿ, 1975ರಿಂದ ಫ್ಲಾರಿಡಾದಲ್ಲಿ ನೆಲೆನಿಂತಿದೆ. ಪ್ರೇಕ್ಷಕರ ಆಸನಗಳೇ ವೇದಿಕೆಗಳ ಸುತ್ತ ತಿರುಗುತ್ತವೆ. ಒಂದು ಅಮೆರಿಕನ್ ಸಂಸಾರ ಇಪ್ಪತ್ತನೇ ಶತಮಾನವನ್ನು ಹಾದು ಭವಿಷ್ಯಕ್ಕೆ ಬರುತ್ತದೆ. ಆ ಭವಿಷ್ಯವನ್ನು ಹೊಸದು ಮಾಡಿದ್ದು 1994ರಲ್ಲಿ. ಆಮೇಲೆ ಮೂರು ದಶಕ ಅದನ್ನು ಹಾಗೇ ಬಿಡಲಾಯಿತು. ಅಜ್ಜಿ ಕನ್ನಡಕದಂಥ ಯಂತ್ರ ತೊಟ್ಟು ವಿಡಿಯೊ ಗೇಮ್ ಆಡುತ್ತಾಳೆ, ಮನೆಯವರು ಅವಳ ಸ್ಕೋರನ್ನು ಜೋರಾಗಿ ಹೇಳುತ್ತಾರೆ, ಮಾತು ಕೇಳುವ ಒಲೆ ಆ ಅಂಕಿಯನ್ನೇ ಶಾಖದ ಆಜ್ಞೆಯೆಂದು ತಿಳಿದು ಹಬ್ಬದ ಅಡುಗೆಯನ್ನು ಸುಟ್ಟು ಕರಕಲು ಮಾಡುತ್ತದೆ. ಇಂದು ಬೆಂಗಳೂರಿನ ಬಾಡಿಗೆ ಮನೆಯಲ್ಲೂ ಮಾತು ಕೇಳುವ ಡಬ್ಬಿ ಇರುವುದರಿಂದ ಇದನ್ನು ಭವಿಷ್ಯ ಎನ್ನಲಾಗದು. ಹೇಳಿದ್ದನ್ನು ಬಿಟ್ಟು ಬೇರೇನೋ ಮಾಡುವ ಯಂತ್ರಗಳು ಬರುತ್ತವೆ ಎಂಬ ಊಹೆ ಮಾತ್ರ ಅಕ್ಷರಶಃ ನಿಜವಾಗಿದೆ. ಈ ಶ್ರೇಯಸ್ಸನ್ನು ಕಂಪನಿಗೆ ಕೊಡಬೇಕು. ಪ್ರದರ್ಶನದ ಆರಂಭಕ್ಕೆ ಸ್ವತಃ ವಾಲ್ಟ್ ಡಿಸ್ನಿಯ ಮಾತಾಡುವ ಪ್ರತಿಮೆ ಸೇರಿಸುವುದಾಗಿ 2025ರಲ್ಲಿ ಪ್ರಕಟವಾಯಿತು. ಭವಿಷ್ಯ ಹಳತಾಯಿತೆಂದು ದೂರಿದವರಿಗೆ ಮೊದಲು ಸಿಕ್ಕಿದ ಪರಿಹಾರ ಭೂತಕಾಲದ ವಿಸ್ತರಣೆ.

ಎಪ್ಕಾಟ್‌ನ ಒಂದು ರೈಡಿನಲ್ಲಿರುವ ಫಿಗ್ಮೆಂಟ್ ಎಂಬ ನೇರಳೆ ಡ್ರ್ಯಾಗನ್‌ನ ಪ್ರಕರಣ ಚಿಕ್ಕದು. 1983ರಲ್ಲಿ ಬಂತು, 1999ರಲ್ಲಿ ಬಹುತೇಕ ಹೊರಹಾಕಲಾಯಿತು, ಜನ ಗಲಾಟೆ ಮಾಡಿದ್ದರಿಂದ 2002ರಲ್ಲಿ ವಾಪಸು ಬಂತು. ಕಲ್ಪನಾಶಕ್ತಿಯನ್ನು ಕೊಂಡಾಡುವ ಆ ರೈಡಿಗೆ ಅಲ್ಲಿಂದೀಚೆಗೆ ಯಾರ ಕಲ್ಪನೆಯೂ ತಗುಲಿದಂತಿಲ್ಲ.

ಹಣವೇ ಇಲ್ಲ ಎನ್ನುವ ಹಾಗಿಲ್ಲ. 1971ರಲ್ಲಿ ದೊಡ್ಡವರಿಗೆ ಪ್ರವೇಶ ದರ 3.50 ಡಾಲರ್ ಇತ್ತು, ರೈಡುಗಳ ಚೀಟಿ ಬೇರೆ. 2025ರ ಹೊತ್ತಿಗೆ ಕ್ರಿಸ್‌ಮಸ್ ದಿನಗಳ ಒಂದು ದಿನದ ಟಿಕೆಟ್ 200 ಡಾಲರಿನ ಗಡಿಗೆ ಬಂದು ನಿಂತಿತ್ತು. ಕ್ಯೂ ತಪ್ಪಿಸುವ ಚೀಟಿ 1999ರಿಂದ ಪುಕ್ಕಟೆ ಸಿಗುತ್ತಿತ್ತು. 2021ರ ಅಕ್ಟೋಬರ್‌ನಲ್ಲಿ ಅದರ ಜಾಗಕ್ಕೆ ದಿನಕ್ಕೆ 15 ಡಾಲರಿನ ವ್ಯವಸ್ಥೆ ಬಂತು. 2024ರಲ್ಲಿ ಬಂದ ಅತಿ ದುಬಾರಿ ಪಾಸು ಜನದಟ್ಟಣೆಯ ದಿನ ತಲೆಗೆ 449 ಡಾಲರ್ ಮುಟ್ಟಿತು. ಹೊಸ ರೈಡ್ ಕಟ್ಟದೆಯೇ ಹೊಸ ವರಮಾನ ತರುವ ಈ ಆವಿಷ್ಕಾರದಲ್ಲಿ ಕ್ಯೂ ಎಂಬುದು ತೊಂದರೆಯ ಪಟ್ಟಿಯಿಂದ ಆಸ್ತಿಯ ಪಟ್ಟಿಗೆ ಸೇರಿದೆ. ಕ್ಯೂ ಕರಗಿದರೆ ಪಾಸು ಕೊಳ್ಳುವವರು ಯಾರು? ದುಬಾರಿ ಮಾಡುವುದಕ್ಕೂ ಒಂದು ಮಿತಿ ಇದೆಯೆಂದು ಕಂಪನಿಗೆ ಕಲಿಸಿದ್ದು ‘ಸ್ಟಾರ್ ವಾರ್ಸ್’ ಹೋಟೆಲು. ಕಿಟಕಿಯಿಲ್ಲದ ಕೋಣೆಯಲ್ಲಿ ಎರಡು ರಾತ್ರಿಗೆ ಇಬ್ಬರಿಗೆ ಹತ್ತಿರಹತ್ತಿರ 4,800 ಡಾಲರ್. 2022ರ ಮಾರ್ಚ್‌ನಲ್ಲಿ ತೆರೆದು 2023ರ ಸೆಪ್ಟೆಂಬರ್‌ನಲ್ಲಿ ಮುಚ್ಚಿತು.

ನ್ಯಾಯವಾಗಿ ನೋಡಿದರೆ ಅಭಿಮಾನಿಗಳನ್ನು ಮೆಚ್ಚಿಸುವುದು ಬ್ರಹ್ಮನಿಗೂ ಕಷ್ಟ. ಏನೂ ಬದಲಾಗುತ್ತಿಲ್ಲ ಎಂದು ವರ್ಷಗಟ್ಟಲೆ ಗೋಳಾಡಿದವರೇ, ‘ಕಾರ್ಸ್’ ಗುಡ್ಡಕ್ಕಾಗಿ ಮ್ಯಾಜಿಕ್ ಕಿಂಗ್‌ಡಮ್‌ನ ಕೃತಕ ನದಿಯನ್ನು ಮುಚ್ಚುವ ಸುದ್ದಿ ಬಂದಾಗ ಎದೆ ಬಡಿದುಕೊಂಡರು. 2025ರ ಜುಲೈ 6ರಂದು, ಕೊನೆಯ ದಿನ, ಹಬೆ ದೋಣಿ ಹತ್ತಲು ಮತ್ತು ಟಾಮ್ ಸಾಯರ್ ದ್ವೀಪಕ್ಕೆ ಹೋಗಲು ಮುಗಿಬಿದ್ದರು. ಅದಕ್ಕೆ ಮೊದಲು ದೋಣಿ ಹತ್ತಿದ್ದು ಯಾವಾಗ ಎಂದು ಅವರನ್ನು ಕೇಳಬಾರದು. ಕಂಪನಿ ಎಲ್ಲವನ್ನೂ ಬದಲಿಸಲಿ, ತಾವು ಚಿಕ್ಕವರಿದ್ದಾಗ ನೋಡಿದ್ದನ್ನು ಮಾತ್ರ ಮುಟ್ಟದಿರಲಿ ಎಂಬುದು ಅವರ ಒಟ್ಟು ನಿಲುವು. ಎಲ್ಲರ ಬಾಲ್ಯವೂ ಒಂದೇ ದಶಕದಲ್ಲಿ ನಡೆದಿದ್ದರೆ ಇದನ್ನು ಪಾಲಿಸಬಹುದಿತ್ತು.

ಅಭಿಮಾನಿಗಳ ಮೇಲೆ ಮಂಡಳಿಗೆ ಕರುಣೆ ಹುಟ್ಟದಿದ್ದರೂ ನೆರೆಮನೆಯ ಮೇಲೆ ಹೊಟ್ಟೆಕಿಚ್ಚಾದರೂ ಹುಟ್ಟೀತು. ಅದೇ ಆರ್ಲ್ಯಾಂಡೊದಲ್ಲಿ ಯೂನಿವರ್ಸಲ್ ಕಂಪನಿ 2025ರ ಮೇ 22ರಂದು ‘ಎಪಿಕ್ ಯೂನಿವರ್ಸ್’ ಎಂಬ ಇಡೀ ಹೊಸ ಪಾರ್ಕನ್ನೇ ತೆರೆದಿದೆ. ಡಿಸ್ನಿ ವರ್ಲ್ಡ್‌ಗೆ ಕೊನೆಯದಾಗಿ ಸೇರಿದ ದೊಡ್ಡ ಪಾರ್ಕು 1998ರ ಅನಿಮಲ್ ಕಿಂಗ್‌ಡಮ್. ಸ್ಥಳೀಯ ಆಡಳಿತದೊಡನೆ 2024ರ ಜೂನ್‌ನಲ್ಲಿ ಆದ ಒಪ್ಪಂದ ಐದನೆಯ ದೊಡ್ಡ ಪಾರ್ಕಿಗೆ ದಾರಿ ಬಿಟ್ಟಿದೆ, 1,700 ಕೋಟಿ ಡಾಲರ್‌ವರೆಗಿನ ಹೂಡಿಕೆಯ ಮಾತೂ ಅದರಲ್ಲಿದೆ. ಐದನೆಯ ಪಾರ್ಕಿನ ಹೆಸರು, ದ್ವಾರದ ವಿನ್ಯಾಸ ಮತ್ತು ಊಟದ ಪಟ್ಟಿಯನ್ನು ಅಭಿಮಾನಿಗಳು ಆಗಲೇ ಅಂತಿಮಗೊಳಿಸಿರುವುದರಿಂದ ಮಂಡಳಿಗೆ ಉಳಿದಿರುವುದು ಕಟ್ಟುವ ಕೆಲಸವೊಂದೇ.

ಆದ್ದರಿಂದ ಈ ಕೆಳಗಿನ ಕ್ರಮದಲ್ಲಿ ಕೈಗೊಳ್ಳಲು ಕೋರಲಾಗಿದೆ. ಮೊದಲು ಯೇತಿ, ಎರಡೂ ಕೈ ಆಗದಿದ್ದರೆ ಒಂದು ಕೈ ಸಾಕು. ನಂತರ ಅಜ್ಜಿಯ ಮನೆಯ ಒಲೆ. ನಂತರ, ಜುಲೈ ತಿಂಗಳ ಫ್ಲಾರಿಡಾ ಬಿಸಿಲಿನಲ್ಲಿ ಕ್ಯೂ ನಿಲ್ಲುವವರಿಗೆ ನೆರಳು ಮತ್ತು ನೆರಳಿನಲ್ಲಿ ಒಂದು ಬೆಂಚು. ಬೆಂಚಿಗೆ ಯಾವುದೇ ಚಲನಚಿತ್ರದ ಹೆಸರಿಡುವ ಅಗತ್ಯವಿಲ್ಲ. ಈ ಮೂರಕ್ಕೂ ತಗಲುವ ವೆಚ್ಚ ಹೊಸದಾಗಿ ಕಟ್ಟುವ ಒಂದು ಕೋಸ್ಟರಿನ ಬದಿಯಲ್ಲಿಟ್ಟರೆ ಕಾಣಿಸದು. ಹಾಗೆ ಕಾಣಿಸದಿರುವುದೇ ಇವುಗಳ ದೋಷವಾದರೆ, ಮುಂದಿನ ಸಮಾವೇಶದಲ್ಲಿ ದೀಪ ಆರಿಸಿ, ಪರದೆಯ ಮೇಲೆ ಬೆಂಚಿನ ಚಿತ್ರವನ್ನು ತೋರಿಸಬಹುದು. ಜನ ಖಂಡಿತ ಕಿರುಚುತ್ತಾರೆ.

ಇಂತಿ,
ವಾಲ್ಟ್ ಡಿಸ್ನಿ ವರ್ಲ್ಡ್‌ನ ಅಭಿಮಾನಿಗಳ ಪರವಾಗಿ

ಪ್ರತಿ: ದಕ್ಷಿಣ ಫ್ಲಾರಿಡಾ ಜಲ ನಿರ್ವಹಣಾ ಇಲಾಖೆಗೆ, ಮುಂದಿನ ಪರವಾನಗಿಯ ನಕ್ಷೆಗಳಲ್ಲಿ ಚರಂಡಿಯ ಗೆರೆಗಳನ್ನು ಸ್ವಲ್ಪ ದಪ್ಪಗೆ ಎಳೆಸಬೇಕೆಂಬ ಕೋರಿಕೆಯೊಂದಿಗೆ.